ನಮ್ಮ 7ನೇ ನಂಬರ್ ಕಾಲು ಉಳುಕಿದೆ, ಜಿಲ್ಲಾ ಪಂದ್ಯಕ್ಕೆ 12 ದಿನ. ಆಡಿಸಬೇಕಾ, ಬಿಡಬೇಕಾ?

ಸಂಜೆಕೋರ್ಟ್
ಎಲ್ಲರಿಗೂ ನಮಸ್ಕಾರ. ಗೋಣಿಕೊಪ್ಪ ಕಡೆಯ ಒಂದು ಪಿಯು ಕಾಲೇಜಿನ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ಟೀಮಿಗೆ ಸಂಜೆ ಹೊತ್ತು ಹೇಳಿಕೊಡ್ತೇನೆ. ಸಂಬಳದ ಕೋಚ್ ಅಲ್ಲ, ಅದೇ ಕೋರ್ಟಲ್ಲಿ ಆಡಿ ಬೆಳೆದವಳು. ಈ ಸಲ ತಾಲ್ಲೂಕು ಮಟ್ಟ ಗೆದ್ದಿದ್ದೇವೆ. ಫೈನಲ್‌ನಲ್ಲಿ ನಾವು ಹೊಡೆದ 41 ಪಾಯಿಂಟ್‌ನಲ್ಲಿ 22 ಒಬ್ಬಳದೇ, ನಮ್ಮ 7ನೇ ನಂಬರ್ ಹುಡುಗಿಯದು. ಬಾಲ್ ಮೇಲೆ ತರುವವಳೂ ಅವಳೇ, ಕೊನೆಗೆ ಹಾಕುವವಳೂ ಅವಳೇ.

ಮೊನ್ನೆ ಭಾನುವಾರ ಒಂದು ಫ್ರೆಂಡ್ಲಿ ಮ್ಯಾಚಲ್ಲಿ ರೀಬೌಂಡ್‌ಗೆ (ಬುಟ್ಟಿಗೆ ಬಡಿದು ವಾಪಸ್ ಬರುವ ಬಾಲಿಗೆ) ಹಾರಿ ಇಳಿಯುವಾಗ ಎದುರಾಳಿಯ ಪಾದದ ಮೇಲೆ ಕಾಲಿಟ್ಟಳು. ಬಲಗಾಲು ಒಳಗಡೆಗೆ ಮಗುಚಿಕೊಂಡಿತು. ಅರ್ಧ ಗಂಟೆಯೊಳಗೆ ಹೊರಗಡೆಯ ಗಂಟು ನಿಂಬೆಹಣ್ಣಿನಷ್ಟು ಊದಿಕೊಂಡಿದೆ. ಈಗ ಪಾದದ ಪಕ್ಕ ಎಲ್ಲ ನೀಲಿ.

ಜಿಲ್ಲಾ ಪಂದ್ಯಕ್ಕೆ ಇನ್ನು 12 ದಿನ. ಉಳಿದಿರುವುದು ಎಂಟು ಹುಡುಗಿಯರು, ಅದರಲ್ಲಿ ಮೂವರು ಈ ವರ್ಷವೇ ಬಾಲ್ ಹಿಡಿದವರು. ಕಾಲೇಜಲ್ಲಿ ಎಲ್ಲರೂ "ಟೇಪ್ ಹಾಕಿ ಆಡಿಸಿ, ಅವಳಿಲ್ಲದೆ ಹೋಗಿ ಏನು ಪ್ರಯೋಜನ" ಅಂತಾರೆ. ನನಗೆ ಎರಡು ರಾತ್ರಿಯಿಂದ ನಿದ್ದೆ ಇಲ್ಲ. ಅನುಭವ ಇರುವವರು ದಯವಿಟ್ಟು ಹೇಳಿ.

ವಿರಾಜಪೇಟೆ ಫಾರ್ವರ್ಡ್
ಎಕ್ಸ್‌ರೇ ಆಯ್ತಾ ಅಕ್ಕ? ಮೊದಲು ಅದು.

ಹಾಕಿಮನೆ
ಕ್ರೇಪ್ ಬ್ಯಾಂಡೇಜ್ ಬಿಗಿಯಾಗಿ ಕಟ್ಟಿ, ಸ್ಪ್ರೇ ಹೊಡೆದು ಇಳಿಸಿ. ನಮ್ಮ ಕಾಲದಲ್ಲಿ ಬೆರಳು ಮುರಿದುಕೊಂಡೇ ಹಾಕಿ ಆಡಿದ್ದೇವೆ. 12 ದಿನ ಅಂದರೆ ಬೇಕಾದಷ್ಟಾಯಿತು. ಕೊಡಗಿನ ಹುಡುಗಿ ಇಷ್ಟಕ್ಕೆಲ್ಲ ಕೂರುವವಳಲ್ಲ.

ಮಡಿಕೇರಿ ಮಂಜು
ಕೋರ್ಟಲ್ಲಿ ಪಾಚಿ ಇತ್ತಾ? ಮಳೆಗಾಲ ಮುಗಿದ ಮೇಲೆ ನಮ್ಮ ಕಡೆ ಯಾವ ಸಿಮೆಂಟ್ ಕೋರ್ಟನ್ನೂ ನಂಬಲಿಕ್ಕೆ ಆಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ನೆನೆದು ನೆನೆದು ಹಸಿರು ಕಟ್ಟಿರುತ್ತದೆ. ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜದೆ ಆಡಿಸಿದ್ದರೆ ತಪ್ಪು ಆಡಿಸಿದವರದು.

ಸಂಜೆಕೋರ್ಟ್
@ಮಡಿಕೇರಿ ಮಂಜು, ಜಾರಿದ್ದಲ್ಲ. ಕೈಲ್‌ಪೊಳ್ದ್ ಹಬ್ಬ ಮುಗಿದ ವಾರವೇ ಹುಡುಗಿಯರೆಲ್ಲ ಸೇರಿ ಉಜ್ಜಿ ತೊಳೆದಿದ್ದೇವೆ. ಬೇರೆಯವರ ಕಾಲಿನ ಮೇಲೆ ಇಳಿದದ್ದಷ್ಟೇ.
@ವಿರಾಜಪೇಟೆ ಫಾರ್ವರ್ಡ್, ಸೋಮವಾರ ಎಕ್ಸ್‌ರೇ ಆಯಿತು. ಮೂಳೆಗೆ ಏನೂ ಆಗಿಲ್ಲ, ಲಿಗಮೆಂಟ್ (ಮೂಳೆಗಳನ್ನು ಕೂಡಿಸಿ ಹಿಡಿಯುವ ಪಟ್ಟಿ) ಸ್ವಲ್ಪ ಹರಿದಿದೆ, ಗ್ರೇಡ್ 2 ಅಂದರು ಡಾಕ್ಟರು.

ಕುಶಾಲನಗರದ ಫಿಸಿಯೋ
ಮೇಡಂ, ನಾನು ದಿನಾ ಇಂಥ ಕಾಲುಗಳನ್ನೇ ನೋಡೋದು. ಬ್ಯಾಸ್ಕೆಟ್‌ಬಾಲ್‌ನಲ್ಲಿ ಅತಿ ಹೆಚ್ಚು ಆಗೋ ಗಾಯ ಇದೇ. ಇಳಿಯುವಾಗ ಪಾದ ಒಳಗೆ ಮಗುಚಿದ್ರೆ ಹೊರಗಡೆಯ ಲಿಗಮೆಂಟ್ ಎಳೆದುಕೊಳ್ಳುತ್ತೆ. ಪೂರ್ತಿ ಹರಿಯದೆ ಅರ್ಧಂಬರ್ಧ ಹರಿದ್ರೆ ಅದೇ ಗ್ರೇಡ್ 2.

ಎಕ್ಸ್‌ರೇ ಮಾಡಿಸಿದ್ದು ಒಳ್ಳೇದಾಯ್ತು. ಬೇರೆಯವರಿಗೂ ಗೊತ್ತಿರಲಿ ಅಂತ ಹೇಳ್ತೀನಿ. ಬಿದ್ದವರು ಎದ್ದು ನಾಲ್ಕು ಹೆಜ್ಜೆ ಹಾಕೋಕೆ ಆಗದಿದ್ರೆ, ಅಥವಾ ಗಂಟಿನ ಮೂಳೆಯ ತುದಿ, ಹಿಂದಿನ ಅಂಚು ಒತ್ತಿದಾಗ ಜೀವ ಹೋಗೋ ಹಾಗೆ ನೋವಿದ್ರೆ ಎಕ್ಸ್‌ರೇ ಬೇಕೇ ಬೇಕು. ಇದು ಕೆನಡಾದ ಒಟ್ಟಾವಾದಲ್ಲಿ 1992ರಲ್ಲಿ ರೂಪಿಸಿದ ನಿಯಮ, ಈಗಲೂ ಎಲ್ಲ ಕಡೆ ಬಳಸ್ತಾರೆ.

ಗ್ರೇಡ್ 2 ಅಂದ್ರೆ ಸಾಮಾನ್ಯವಾಗಿ 3ರಿಂದ 6 ವಾರ. 12 ದಿನಕ್ಕೆ ನಡಿಗೆ ಸರಿಹೋಗಬಹುದು. ಆದ್ರೆ ಓಡ್ತಾ ಓಡ್ತಾ ಥಟ್ ಅಂತ ನಿಲ್ಲೋದು, ದಿಕ್ಕು ಬದಲಿಸೋದು, ಹಾರಿ ಒಂದೇ ಕಾಲಲ್ಲಿ ಇಳಿಯೋದು, ಅದಕ್ಕೆ ಆ ಕಾಲು ತಯಾರಿರಲ್ಲ. ಟೇಪ್ ಹಾಕಿದ್ರೆ ಹರಿದ ಲಿಗಮೆಂಟ್ ಕೂಡಿಕೊಳ್ಳಲ್ಲ, ಸ್ವಲ್ಪ ಆಸರೆ ಸಿಗುತ್ತೆ ಅಷ್ಟೇ. ನೋವಿನ ಮಾತ್ರೆ ಕೊಟ್ಟು ಇಳಿಸಿದ್ರೆ ಇನ್ನೂ ಅಪಾಯ, ನಿಲ್ಲು ಅಂತ ಕಾಲು ಹೇಳೋದು ಅವಳಿಗೆ ಕೇಳಿಸೋದೇ ಇಲ್ಲ.

ಹಾಗಂತ ಮಂಚದ ಮೇಲೆ ಮಲಗಿಸಿಬಿಡಬೇಡಿ. ನೋವು ತಡೆಯೋವಷ್ಟು ಪಾದ ಆಡಿಸಲಿ, ನಿಧಾನಕ್ಕೆ ಭಾರ ಹಾಕಲಿ. ಆಮೇಲೆ ಒಂಟಿ ಕಾಲಲ್ಲಿ ನಿಲ್ಲೋ ಅಭ್ಯಾಸ ತುಂಬಾ ಮುಖ್ಯ. ಕಾಲು ಎಲ್ಲಿದೆ, ಹೇಗೆ ವಾಲ್ತಿದೆ ಅಂತ ಮೆದುಳಿಗೆ ಮತ್ತೆ ಕಲಿಸಬೇಕು. ಅದನ್ನ ಬಿಟ್ಟವರೇ ಅದೇ ಕಾಲು ಮತ್ತೆ ಮತ್ತೆ ಉಳುಕಿಸಿಕೊಂಡು ಬರ್ತಾರೆ.

ಕಾಫಿಕಣ
ನಮ್ಮೂರಲ್ಲಿ ಉಳುಕು ತೆಗೆಯುವ ಅಜ್ಜ ಒಬ್ಬರಿದ್ದಾರೆ. ಎಣ್ಣೆ ಹಾಕಿ ನೀವಿ ಒಂದು ಸಲ ಎಳೆದರೆ ಮರುದಿನ ತೋಟಕ್ಕೆ ಹೋಗಬಹುದು. ಕರೆದುಕೊಂಡು ಬನ್ನಿ.

ಕುಶಾಲನಗರದ ಫಿಸಿಯೋ
ಅಣ್ಣಾ, ಅಜ್ಜನ ಕೈಗುಣದ ಬಗ್ಗೆ ನಾನು ಮಾತಾಡ್ತಿಲ್ಲ. ಆದ್ರೆ ಹರಿದ ಜಾಗವನ್ನ ಮೊದಲ ಎರಡು ಮೂರು ದಿನ ನೀವಿ ಎಳೆದ್ರೆ ಒಳಗೆ ರಕ್ತ ಇನ್ನೂ ಜಾಸ್ತಿ ಇಳಿಯುತ್ತೆ. ಬಿಸಿ ಶಾಖನೂ ಈಗ ಬೇಡ.

ಕಾಫಿಕಣ
ಸರಿ ಸಾರ್, ಒಪ್ಪಿದೆ. ಮದ್ದ್ ಸೊಪ್ಪಿನ ಪಾಯಸ ಕೊಡಬಹುದಲ್ಲ?

ಮಡಿಕೇರಿ ಮಂಜು
ಅದು ಕಕ್ಕಡ ತಿಂಗಳ 18ಕ್ಕೆ ಅಣ್ಣ, ಆಗಸ್ಟ್ ಮೊದಲ ವಾರಕ್ಕೇ ಮುಗಿಯಿತು. ಆ ದಿನ ಸೊಪ್ಪಿಗೆ 18 ಮದ್ದು ಸೇರಿರುತ್ತದೆ ಅಂತ ನಂಬಿಕೆ. ಈಗ ಕೊಯ್ದರೆ ಆ ಬಣ್ಣವೂ ಬರುವುದಿಲ್ಲ, ಪರಿಮಳವೂ ಇಲ್ಲ.

ಹಾಕಿಮನೆ
ಪಾಯಸ ಬಿಡಿ, ವಿಷಯಕ್ಕೆ ಬನ್ನಿ. 1970ರ ಎನ್‌ಬಿಎ (ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್) ಫೈನಲ್ ಗೊತ್ತಿಲ್ಲವಾ ಯಾರಿಗೂ? ನ್ಯೂಯಾರ್ಕ್ ಟೀಮಿನ ವಿಲ್ಲಿಸ್ ರೀಡ್ ತೊಡೆಯ ಸ್ನಾಯು ಹರಿದಿದ್ದರೂ ಏಳನೇ ಪಂದ್ಯಕ್ಕೆ ಕುಂಟಿಕೊಂಡು ಬಂದ. ಮೊದಲ ಎರಡು ಬುಟ್ಟಿ ಅವನೇ ಹಾಕಿದ. ಎದುರಾಳಿ ಲೇಕರ್ಸ್ ಅಲ್ಲಿಗೇ ಕುಸಿದು ಹೋಯಿತು. ದೊಡ್ಡ ಆಟಗಾರ ಅಂದರೆ ಹಾಗೆ. ಆ ಹುಡುಗಿ ಐದು ನಿಮಿಷ ಕೋರ್ಟ್ ಮೇಲಿದ್ದರೂ ಸಾಕು, ಉಳಿದವರಿಗೆ ಧೈರ್ಯ ಬರುತ್ತದೆ.

ಹಳೇ ಸೆಂಟರ್
ರೀಡ್ ಕಥೆಯನ್ನು ಪೂರ್ತಿ ಹೇಳಿ ಸ್ವಾಮಿ. ಅವನು ಆ ದಿನ ಹಾಕಿದ್ದು ಆ ನಾಲ್ಕೇ ಪಾಯಿಂಟ್. ಪಂದ್ಯ ಗೆದ್ದುಕೊಟ್ಟವನು ವಾಲ್ಟ್ ಫ್ರೇಜಿಯರ್, 36 ಪಾಯಿಂಟ್, 19 ಅಸಿಸ್ಟ್ (ಬುಟ್ಟಿಗೆ ದಾರಿಯಾದ ಪಾಸ್). ಅಂತರ 113-99. ಹೆಸರು ಮಾತ್ರ ಕುಂಟಿಕೊಂಡು ಬಂದವನಿಗೆ ಉಳಿಯಿತು.

ನಾನು ಮಕ್ಕಳಿಗೆ ಹೇಳುವುದು 1980ರ ಕಥೆ. ಲೇಕರ್ಸ್‌ಗೆ ಕರೀಮ್ ಅಬ್ದುಲ್-ಜಬ್ಬಾರ್ ಅಂದರೆ ಮನೆಯ ನಡುಗಂಬ. ಫೈನಲ್‌ನ ಐದನೇ ಪಂದ್ಯದಲ್ಲಿ ಅವನ ಕಾಲೂ ಹೀಗೇ ಉಳುಕಿತು. ಆರನೇ ಪಂದ್ಯ ಫಿಲಡೆಲ್ಫಿಯಾದಲ್ಲಿ, ಇವನು ಲಾಸ್ ಏಂಜಲೀಸ್‌ನಲ್ಲಿ ಮನೆಯಲ್ಲೇ ಉಳಿದ. ಅವನ ಜಾಗಕ್ಕೆ ನಿಂತದ್ದು ಮ್ಯಾಜಿಕ್ ಜಾನ್ಸನ್, 20 ವರ್ಷದ ಹುಡುಗ, ಮೊದಲ ವರ್ಷ, ಅದೂ ಗಾರ್ಡ್, ಅಂದರೆ ಬಾಲ್ ಮೇಲೆ ತರುವ ಜಾಗದಲ್ಲಿ ಆಡುವವನು. 42 ಪಾಯಿಂಟ್, 15 ರೀಬೌಂಡ್, 7 ಅಸಿಸ್ಟ್. 123-107ಕ್ಕೆ ಗೆದ್ದು ಚಾಂಪಿಯನ್ ಆದರು.

ಇಷ್ಟು ಎಲ್ಲರೂ ಹೇಳುತ್ತಾರೆ. ಅದೇ ಪಂದ್ಯದಲ್ಲಿ ಜಮಾಲ್ ವಿಲ್ಕ್ಸ್ 37 ಪಾಯಿಂಟ್ ಹಾಕಿದ್ದನ್ನು ಯಾರೂ ಹೇಳುವುದಿಲ್ಲ. ಸಂಜೆಕೋರ್ಟ್ ಅವರೇ, ನಿಮ್ಮ 7ನೇ ನಂಬರಿನ 22 ಪಾಯಿಂಟನ್ನು ಇನ್ನೊಬ್ಬಳ ತಲೆ ಮೇಲೆ ಹೊರಿಸಬೇಡಿ. ಆರು ಜನಕ್ಕೆ ಹಂಚಿ. ಒಬ್ಬಳು 4, ಇನ್ನೊಬ್ಬಳು 6. ಹಂಚಿದರೆ ಯಾರಿಗೂ ಹೆದರಿಕೆ ಆಗುವಷ್ಟು ಉಳಿಯುವುದಿಲ್ಲ.

ವಿರಾಜಪೇಟೆ ಫಾರ್ವರ್ಡ್
ಚೆನ್ನಾಗಿದೆ ಸರ್, ಆದ್ರೆ ಅವರ ಹತ್ತಿರ ಮ್ಯಾಜಿಕ್ ಜಾನ್ಸನ್ ಇದ್ದ. ಇಲ್ಲಿರೋದು ಫಸ್ಟ್ ಪಿಯು ಮಕ್ಕಳು.

ಹಾಕಿಮನೆ ಅಣ್ಣನಿಗೆ ಇನ್ನೊಂದು ನೆನಪು ಮಾಡ್ತೀನಿ. 2019ರ ಫೈನಲ್. ಕೆವಿನ್ ಡ್ಯೂರಾಂಟ್ ಮೀನಖಂಡದ ಗಾಯದಿಂದ ಒಂದು ತಿಂಗಳು ಹೊರಗಿದ್ದ. ಅವನ ಟೀಮ್ ವಾರಿಯರ್ಸ್ ಸೋಲೋ ಹಂತಕ್ಕೆ ಬಂದಾಗ ಐದನೇ ಪಂದ್ಯಕ್ಕೆ ಇಳಿದ. 12 ನಿಮಿಷ, 11 ಪಾಯಿಂಟ್. ಆಮೇಲೆ ಅದೇ ಕಾಲಿನ ಹಿಮ್ಮಡಿ ಮೇಲಿನ ಅಕಿಲೀಸ್ ಸ್ನಾಯುರಜ್ಜು ಹರಿದುಹೋಯ್ತು. ಮುಂದಿನ ಇಡೀ ಸೀಸನ್ ಆಡಲಿಲ್ಲ. ಅವನ ಸುತ್ತ ಎಷ್ಟು ಡಾಕ್ಟರ್ ಇದ್ರು ಯೋಚನೆ ಮಾಡಿ. ನಮ್ಮ ಹುಡುಗಿಗೆ ಇರೋದು ಒಂದು ಕ್ರೇಪ್ ಬ್ಯಾಂಡೇಜ್.

ಸೋಮವಾರಪೇಟೆ ಅಕ್ಕ
ನಾನು ಇಲ್ಲಿ ಬರೆಯೋದು ಕಡಿಮೆ, ಇದನ್ನ ಓದಿ ಸುಮ್ಮನಿರೋಕೆ ಆಗಲಿಲ್ಲ.

ನನಗೆ ಆಗ 17. ನಮ್ಮ ಟೀಮಿಗೂ ನಾನೇ 7ನೇ ನಂಬರ್ ಇದ್ದ ಹಾಗೆ. ಕಾಲು ಉಳುಕಿ ಎರಡು ವಾರಕ್ಕೆ ಟೇಪ್ ಸುತ್ತಿ ಆಡಿಸಿದರು. ಉಳುಕಿದ ಕಾಲಿನ ಮೇಲೆ ನಂಬಿಕೆ ಇಲ್ಲದೆ ಇನ್ನೊಂದು ಕಾಲಿನ ಮೇಲೇ ಭಾರ ಹಾಕಿ ಆಡ್ತಿದ್ದೆ. ಎರಡನೇ ಕ್ವಾರ್ಟರ್‌ನಲ್ಲಿ ಲೇಅಪ್ (ಓಡಿ ಬಂದು ಬುಟ್ಟಿ ಹತ್ತಿರ ಹಾರಿ ಬಾಲ್ ಹಾಕೋದು) ಮಾಡಿ ಇಳಿದೆ, ಪಕ್ಕದಲ್ಲಿ ಯಾರೂ ಇರಲಿಲ್ಲ, ಮಂಡಿಯೊಳಗೆ 'ಟಪ್' ಅಂತ ಶಬ್ದ. ಹರಿದದ್ದು ಎಸಿಎಲ್, ಮಂಡಿಯೊಳಗಿನ ಮುಖ್ಯ ಲಿಗಮೆಂಟ್, ಅಂತ ಗೊತ್ತಾಗೋಕೇ ಎಂಟು ತಿಂಗಳು ಹಿಡೀತು. ಮೈಸೂರಿಗೆ ಹೋಗಿ ಎಂಆರ್‌ಐ ಮಾಡಿಸೋಕೆ ಮನೇಲಿ ದುಡ್ಡಿರಲಿಲ್ಲ. ಆಪರೇಷನ್ ಆಗಲೇ ಇಲ್ಲ.

ಆ ದಿನ ನಾವು ಗೆದ್ವಿ. ಕಪ್ ಈಗ ಆ ಶಾಲೇಲಿ ಇದೆಯೋ ಇಲ್ಲವೋ. ನಾನು ಈಗಲೂ ಜನವರಿಯಲ್ಲಿ ರೋಬಸ್ಟಾ ಕುಯ್ಯೋಕೆ ತೋಟದ ಇಳಿಜಾರು ಇಳಿಯುವಾಗ ಒಂದು ಕೈಯಲ್ಲಿ ಗಿಡ ಹಿಡಿದುಕೊಂಡೇ ಇಳೀತೀನಿ. ಮಂಡಿ ಯಾವಾಗ ಜಾರುತ್ತೆ ಹೇಳೋಕಾಗಲ್ಲ.

ತಂಗೀ, ಆಡಿಸಬೇಡ.

ಹಾಕಿಮನೆ
ಅಕ್ಕ, ನಿಮ್ಮದು ಓದಿ ತುಂಬಾ ಬೇಜಾರಾಯಿತು. ನಾನು ಬರೆದದ್ದನ್ನು ವಾಪಸ್ ತಗೊಳ್ತೇನೆ.

ಕುಶಾಲನಗರದ ಫಿಸಿಯೋ
ಅಕ್ಕ ಹೇಳಿದ್ದರಲ್ಲಿ ಎರಡು ವಿಷಯ ಎಲ್ಲ ಪಿ.ಟಿ. ಮಾಷ್ಟ್ರುಗಳೂ ಬರೆದಿಟ್ಟುಕೊಳ್ಳಬೇಕು. ಎಸಿಎಲ್ ಹರಿಯೋದು ಎಷ್ಟೋ ಸಲ ಯಾರೂ ಮುಟ್ಟದೇ ಇರುವಾಗಲೇ, ಇಳಿಯುವಾಗ ಇಲ್ಲ ತಿರುಗುವಾಗ. ಇದೇ ಆಟದಲ್ಲಿ ಹುಡುಗರಿಗಿಂತ ಹುಡುಗಿಯರಿಗೆ ಇದು ಜಾಸ್ತಿ ಆಗುತ್ತೆ. 'ಟಪ್' ಅಂತ ಶಬ್ದ ಬಂದು ಕೆಲವೇ ಗಂಟೆಯಲ್ಲಿ ಮಂಡಿ ಊದಿದ್ರೆ ಕಾಯಬೇಡಿ. ಅಕ್ಕ, ಮಂಡಿ ಸುತ್ತ ಬಲ ಕೂಡಿಸೋಕೆ ಈಗಲೂ ದಾರಿ ಇದೆ. ಖಾಸಗಿಯಾಗಿ ಮೆಸೇಜ್ ಮಾಡಿ, ದುಡ್ಡಿನ ಮಾತು ಬೇಡ.

ನಾಪೋಕ್ಲು ರೆಫ್ರಿ
ಆಡಿಸಬಾರದು ಅಂತ ಆಯಿತಲ್ಲ, ಈಗ ಅವಳಿಲ್ಲದೆ ಹೇಗೆ ಆಡುವುದು ಅಂತ ಮಾತಾಡುವ. ನಾನು ಸೀಟಿ ಊದುವವನು, ಹುಡುಗಿಯರ ಪಂದ್ಯಗಳು ಎಲ್ಲಿ ಕೈತಪ್ಪುತ್ತವೆ ಅಂತ ಹತ್ತಿರದಿಂದ ನೋಡಿದ್ದೇನೆ.

ಗಾರ್ಡ್ ಇಲ್ಲದ ಟೀಮ್ ಸೋಲುವುದು ಬುಟ್ಟಿಯ ಹತ್ತಿರ ಅಲ್ಲ, ಅರ್ಧ ಗೆರೆ ದಾಟುವಷ್ಟರಲ್ಲಿ. 8 ಸೆಕೆಂಡ್‌ನಲ್ಲಿ ದಾಟಬೇಕು. ಎದುರಿನವರಿಗೆ ನಿಮ್ಮ 7 ಇಲ್ಲ ಅಂತ ಗೊತ್ತಾದ ಕೂಡಲೇ ಫುಲ್ ಕೋರ್ಟ್ ಪ್ರೆಸ್ ಹಾಕುತ್ತಾರೆ, ಅಂದರೆ ಇಡೀ ಕೋರ್ಟಲ್ಲಿ ಬೆನ್ನುಹತ್ತಿ ತಡೆಯುತ್ತಾರೆ. ಒಬ್ಬಳು ಡ್ರಿಬಲ್ ಮಾಡಿಕೊಂಡು ತರಲಿಕ್ಕೆ ಹೋದರೆ ಇಬ್ಬರು ಬಂದು ಮೂಲೆಗೆ ಒತ್ತುತ್ತಾರೆ. ಆದ್ದರಿಂದ ಡ್ರಿಬಲ್ ಬೇಡ, ಪಾಸ್. ಇಬ್ಬರು ಹಿಂದೆ, ಒಬ್ಬಳು ಉದ್ದನೆಯ ಹುಡುಗಿ ನಡುವಿನಲ್ಲಿ ಕೈ ಎತ್ತಿಕೊಂಡು ನಿಲ್ಲಲಿ. ಮೂರು ಪಾಸಿಗೆ ಬಾಲ್ ಆಚೆ ಹೋಗುತ್ತದೆ.

ಡಿಫೆನ್ಸ್‌ಗೆ 2-3 ಝೋನ್, ಅಂದರೆ ಇಬ್ಬರು ಮುಂದೆ, ಮೂವರು ಬುಟ್ಟಿ ಹತ್ತಿರ ನಿಂತು ಜಾಗ ಕಾಯುವುದು. ಎಂಟೇ ಜನ ಅಂದರೆ ಮ್ಯಾನ್ ಟು ಮ್ಯಾನ್ (ಒಬ್ಬೊಬ್ಬಳ ಹಿಂದೆ ಒಬ್ಬೊಬ್ಬಳು) ಆಡಿಸಿ ಸುಸ್ತು ಮಾಡಬೇಡಿ, ಐದು ಫೌಲ್ ಆದರೆ ಹೊರಗೆ. ಒಂದು ಕ್ವಾರ್ಟರ್‌ನಲ್ಲಿ ಟೀಮಿನದು ನಾಲ್ಕು ಫೌಲ್ ದಾಟಿದರೆ ಮುಂದಿನ ಪ್ರತಿ ಫೌಲ್‌ಗೂ ಎದುರಿನವರಿಗೆ ಎರಡೆರಡು ಫ್ರೀ ಥ್ರೋ (ಯಾರೂ ತಡೆಯದೆ ಬುಟ್ಟಿಗೆ ಹೊಡೆಯುವ ಅವಕಾಶ) ಸಿಗುತ್ತದೆ, ಅದೂ ನೆನಪಿರಲಿ. 24 ಸೆಕೆಂಡ್ ಗಡಿಯಾರ (ಬಾಲ್ ಸಿಕ್ಕಿದ ಮೇಲೆ ಅಷ್ಟರೊಳಗೆ ಬುಟ್ಟಿಗೆ ಹೊಡೆಯಬೇಕು) ಇಡುತ್ತಾರಾ ಇಲ್ಲವಾ ಅಂತ ಸಂಘಟಕರನ್ನು ಈಗಲೇ ಕೇಳಿ, ಅದರ ಮೇಲೆ ನಿಮ್ಮ ಆಟದ ವೇಗ ನಿಂತಿದೆ.

ಹಳೇ ಸೆಂಟರ್
ರೆಫ್ರಿ ಹೇಳಿದ್ದು ನೂರಕ್ಕೆ ನೂರು. ಇದರ ಜೊತೆ ಫ್ರೀ ಥ್ರೋ. ದಿನಕ್ಕೆ 50, ಸುಸ್ತಾದ ಮೇಲೆ, ಪ್ರಾಕ್ಟೀಸ್ ಕೊನೆಯಲ್ಲಿ.

ವಿರಾಜಪೇಟೆ ಫಾರ್ವರ್ಡ್
2-3 ಝೋನ್ ಹಾಕಿದ್ರೆ ಮೂಲೆಯಿಂದ ಮೂರು ಪಾಯಿಂಟ್ ಹೊಡೀತಾರೆ ಸರ್.

ನಾಪೋಕ್ಲು ರೆಫ್ರಿ
ಮೂಲೆಯ 6.6 ಮೀಟರ್‌ನಿಂದ ನಮ್ಮ ಜಿಲ್ಲೆಯ ಪಿಯು ಹುಡುಗಿಯರಲ್ಲಿ ಎಷ್ಟು ಜನ ಹೊಡೆಯುತ್ತಾರೆ? ಹೊಡೆಯಲಿ ಬಿಡಿ. ರೀಬೌಂಡ್ ಹಿಡಿಯಿರಿ.

ಮಡಿಕೇರಿ ಮಂಜು
ವಿಷಯ ಬಿಟ್ಟು ಹೋಗ್ತಿದ್ದೇನೆ ಅನಿಸಿದರೆ ಕ್ಷಮಿಸಿ. ಹಾಕಿಗೆ ನಮ್ಮಲ್ಲಿ ಟರ್ಫ್ ಇದೆ, ಹಾಸ್ಟೆಲ್ ಇದೆ, ಊರಿಗೂರೇ ಬಂದು ನೋಡುತ್ತದೆ. ವರ್ಷದಲ್ಲಿ ನಾಲ್ಕು ತಿಂಗಳು ಮಳೆ ಬರುವ ಜಿಲ್ಲೆಯಲ್ಲಿ ಬ್ಯಾಸ್ಕೆಟ್‌ಬಾಲ್ ಆಡುವ ಮಕ್ಕಳಿಗೆ ತಲೆ ಮೇಲೊಂದು ಶೀಟ್ ಹಾಕಿಸಿದವರು ಎಷ್ಟು ಜನ? 28 ಮೀಟರ್ ಉದ್ದ, 15 ಮೀಟರ್ ಅಗಲ, ಇಷ್ಟೇ ಜಾಗ. ಒಂದು ದೊಡ್ಡ ಕಾಫಿ ಕಣದಷ್ಟೂ ಇಲ್ಲ.

ಹಾಕಿಮನೆ
ಹಾಕಿ ಮೇಲೆ ಯಾಕೆ ಸಿಟ್ಟು? ಹಾಕಿಯಿಂದಲೂ ಕಲಿಯಲಿಕ್ಕಿದೆ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕೌಟುಂಬಿಕ ಹಾಕಿ ನೋಡಿ. ಒಂದೇ ಟೀಮಲ್ಲಿ ಅಪ್ಪ, ಮಗಳು, ಶಾಲೆಗೆ ಹೋಗುವ ಹುಡುಗ. ನಮ್ಮ ಮನೆತನದ ಟೀಮಿಗೆ ಒಂದು ವರ್ಷ ಮುಖ್ಯ ಆಟಗಾರ ಪೆಟ್ಟು ಮಾಡಿಕೊಂಡ. ಚಿಕ್ಕಮ್ಮ ಸ್ಟಿಕ್ ಹಿಡಿದು ಇಳಿದರು. ಆ ದಿನ ನಾವೆಲ್ಲ ಹಿಂದೆಂದೂ ಓಡದ ಹಾಗೆ ಓಡಿದ್ದೇವೆ, ಚಿಕ್ಕಮ್ಮನ ಹತ್ತಿರ ಬಾಲ್ ಹೋಗುವ ಮೊದಲೇ ಯಾರಾದರೂ ಅಲ್ಲಿರುತ್ತಿದ್ದೆವು. ಹಳೇ ಸೆಂಟರ್ ಹೇಳಿದ ಹಂಚುವ ಮಾತು ಅದೇ ಅಂತ ಈಗ ಹೊಳೆಯಿತು.

ಸಂಜೆಕೋರ್ಟ್ (4 ದಿನದ ನಂತರ)
ಎಲ್ಲರಿಗೂ ಉತ್ತರ ಕೊಡಲಿಕ್ಕೆ ಆಗಲಿಲ್ಲ, ಕ್ಷಮಿಸಿ. ಸೋಮವಾರಪೇಟೆ ಅಕ್ಕನ ಪೋಸ್ಟನ್ನು ಪ್ರಿಂಟ್ ತೆಗೆದು ಕಾಲೇಜಲ್ಲಿ ತೋರಿಸಿದೆ. ಆಮೇಲೆ ಟೇಪ್ ಸುದ್ದಿ ಯಾರೂ ಎತ್ತಲಿಲ್ಲ. 7 ಆಡುವುದಿಲ್ಲ ಅಂತ ತೀರ್ಮಾನ ಆಗಿದೆ.

ಮೊದಲ ದಿನ ಅವಳಿಲ್ಲದ ಪ್ರಾಕ್ಟೀಸ್ ನೋಡಲಿಕ್ಕೆ ಆಗುತ್ತಿರಲಿಲ್ಲ. ಬಾಲ್ ಕೈಗೆ ಬಂದ ಕೂಡಲೇ ಎಲ್ಲರ ಕಣ್ಣು ಅವಳು ನಿಲ್ಲುತ್ತಿದ್ದ ಜಾಗಕ್ಕೇ ಹೋಗುತ್ತದೆ. ಇಬ್ಬರು ಅಲ್ಲಿಗೇ ಪಾಸ್ ಕೊಟ್ಟರು, ಬಾಲ್ ಹೋಗಿ ಬೇಲಿಗೆ ಬಡಿಯಿತು. ಮಾತೇ ಇಲ್ಲ. ಅವಳಿದ್ದಾಗ ಕೋರ್ಟಲ್ಲಿ ಕೂಗುತ್ತಿದ್ದವಳೂ ಅವಳೊಬ್ಬಳೇ ಅಂತ ನನಗೆ ಗೊತ್ತಾದದ್ದೇ ಆಗ.

ರೆಫ್ರಿ ಹೇಳಿದ ಹಾಗೆ ನಡುವಿನಲ್ಲಿ ಉದ್ದ ಹುಡುಗಿ ಬೇಕು ಅಂತ 11ನೇ ನಂಬರನ್ನು ನಿಲ್ಲಿಸಿದೆ. ಅವಳು ಇಷ್ಟು ದಿನ ಬುಟ್ಟಿ ಕೆಳಗೆ ರೀಬೌಂಡ್ ಹಿಡಿದು 7ಕ್ಕೆ ಕೊಡುವುದು ಬಿಟ್ಟರೆ ಏನೂ ಮಾಡಿದವಳಲ್ಲ. ಫ್ರೀ ಥ್ರೋ ಗೆರೆ ಹತ್ತಿರ ಬಾಲ್ ಹಿಡಿದು ಸುತ್ತ ನೋಡಿ ಪಾಸ್ ಕೊಡುತ್ತಾಳೆ ನೋಡಿ, ಎರಡು ವರ್ಷದಿಂದ ನಾನು ಇದನ್ನು ಕಂಡೇ ಇರಲಿಲ್ಲ.

7 ದಿನಾ ಬರುತ್ತಾಳೆ. ಪಕ್ಕದಲ್ಲಿ ಸ್ಟೂಲ್ ಮೇಲೆ ಕೂತು ಸ್ಕೋರ್ ಬುಕ್ ಬರೆಯುತ್ತಾಳೆ. ಮಾತು ಕಡಿಮೆ.

ಜೆರ್ಸಿ 7
ಎಲ್ಲರಿಗೂ ನಮಸ್ತೆ. ನಾನೇ ಅವಳು. ಕೋಚ್ ಅಕ್ಕ ಈ ಲಿಂಕ್ ಕಳಿಸಿದ್ರು, ಎಲ್ಲಾ ಓದಿದೆ.

ಕಾಲು ಈಗ ಪರವಾಗಿಲ್ಲ. ಕಾಲಿನ ನೋವಿಗಿಂತ ಜಾಸ್ತಿ ಏನು ಅಂದ್ರೆ, ನಿನ್ನೆ 11ನೇ ನಂಬರ್ ಪಾಸ್ ಕೊಟ್ಲು, 4ನೇ ನಂಬರ್ ಲೇಅಪ್ ಹಾಕಿದ್ಲು. ಎಲ್ಲರೂ ಚಪ್ಪಾಳೆ ಹೊಡೆದ್ರು, ನಾನೂ ಹೊಡೆದೆ. ಮನೆಗೆ ಹೋಗಿ ಅತ್ತೆ. ನಾನಿಲ್ಲದೆ ಸೋತರೆ ನನ್ನಿಂದ ಸೋತರು ಅಂತ ಅನಿಸುತ್ತೆ. ನಾನಿಲ್ಲದೆ ಗೆದ್ದರೆ ನಾನು ಯಾಕೆ ಬೇಕು ಅನಿಸುತ್ತೆ. ಇದನ್ನ ಟೀಮಲ್ಲಿ ಯಾರಿಗೂ ಹೇಳಿಲ್ಲ, ಇಲ್ಲಿ ಯಾಕೆ ಬರೆದೆ ಗೊತ್ತಿಲ್ಲ.

ಸೋಮವಾರಪೇಟೆ ಅಕ್ಕ
ಮಗಳೇ, ಬರೆದದ್ದು ಒಳ್ಳೇದಾಯ್ತು. ನಾನೂ ಹಾಗೇ ಅತ್ತಿದ್ದೀನಿ. ನನಗೆ ಆಗ ಸ್ಕೋರ್ ಬುಕ್ ಕೂಡ ಯಾರೂ ಕೊಡಲಿಲ್ಲ, ಕೋರ್ಟ್ ಹತ್ತಿರ ಹೋಗೋದನ್ನೇ ಬಿಟ್ಟೆ. ನೀನು ಹೋಗ್ತಾ ಇರು.

ಹಳೇ ಸೆಂಟರ್
ಮಗಾ, ಕ್ಲೇ ಥಾಂಪ್ಸನ್ ಅಂತ ಎನ್‌ಬಿಎ ಆಟಗಾರ ಒಬ್ಬನಿದ್ದಾನೆ. 2019ರಲ್ಲಿ ಎಸಿಎಲ್ ಹರಿಯಿತು, ವಾಸಿಯಾಗುವಷ್ಟರಲ್ಲಿ ಇನ್ನೊಂದು ಕಾಲಿನ ಅಕಿಲೀಸ್ ಹರಿಯಿತು. ಮತ್ತೆ ಕೋರ್ಟಿಗೆ ಇಳಿದದ್ದು 941 ದಿನ ಆದ ಮೇಲೆ, 2022ರ ಜನವರಿಯಲ್ಲಿ. ಅಷ್ಟರಲ್ಲಿ ಅವನ ಜಾಗದಲ್ಲಿ ಹೊಸ ಹುಡುಗರು ಬೆಳೆದಿದ್ದರು. ಆ ವರ್ಷವೇ ಎಲ್ಲರೂ ಸೇರಿ ಚಾಂಪಿಯನ್ ಆದರು, ಅವನೂ ಇದ್ದ. ನಿನ್ನದು ಕೆಲವು ವಾರದ ಮಾತು.

ಈಗ ಒಂದು ಕೆಲಸ ಹೇಳುತ್ತೇನೆ. ಸ್ಕೋರ್ ಮಾತ್ರ ಬರೆಯಬೇಡ. ಎದುರಿನ ಟೀಮಲ್ಲಿ ಯಾರು ಬಲಗೈ ಮಾತ್ರ ಆಡಿಸುತ್ತಾರೆ, ಯಾರು ಪಾಸ್ ಕೊಡುವ ಮೊದಲು ಆ ಕಡೆ ನೋಡುತ್ತಾರೆ ಅಂತ ಬರೆ. ಕೋರ್ಟ್ ಒಳಗಿಂದ ಅದು ಕಾಣುವುದಿಲ್ಲ, ಸ್ಟೂಲಿನಿಂದ ಕಾಣುತ್ತದೆ.

ಜೆರ್ಸಿ 7
ಸರಿ ಅಂಕಲ್. ಬರೀತೀನಿ.

ಕಾಫಿಕಣ
ಪಂದ್ಯ ಯಾವತ್ತು? ಟೀಮ್ ಹೋಗಲಿಕ್ಕೆ ಗಾಡಿ ಬೇಕಾದರೆ ನಮ್ಮ ಜೀಪ್ ಇದೆ. ಹಣ್ಣು ಕೊಯ್ಲು ಶುರುವಾಗಲಿಕ್ಕೆ ಇನ್ನೂ ಸಮಯ ಇದೆ.

ಸಂಜೆಕೋರ್ಟ್ (ಪಂದ್ಯದ ಮರುದಿನ)
ಮೊದಲ ಪಂದ್ಯ 36-29ಕ್ಕೆ ಗೆದ್ದೆವು. ಫೈನಲ್ 34-38ಕ್ಕೆ ಸೋತೆವು.

ಮುಚ್ಚಿಡುವುದಿಲ್ಲ, ಮೂರನೇ ಕ್ವಾರ್ಟರ್‌ನಲ್ಲಿ ಪ್ರೆಸ್ ಹಾಕಿದಾಗ ಅವಳ ಕೊರತೆ ಕಂಡಿತು. ಸಾಲಾಗಿ 9 ಪಾಯಿಂಟ್ ಬಿಟ್ಟೆವು. ದ್ವಿತೀಯಾರ್ಧಕ್ಕೆ ಇರುವ ಮೂರು ಟೈಮೌಟ್‌ನಲ್ಲಿ ಎರಡನ್ನು ಅಲ್ಲೇ ತಗೊಂಡೆ. ಎರಡನೆಯದರಲ್ಲಿ ಮಾತಾಡಿದ್ದು ನಾನಲ್ಲ. 7 ಸ್ಕೋರ್ ಬುಕ್ ತಿರುಗಿಸಿ, ಅವರ 5ನೇ ನಂಬರ್ ಪ್ರತಿ ಸಲ ಎಡಗಡೆಯ ಪಾಸಿಗೇ ಮುನ್ನುಗ್ಗುತ್ತಾಳೆ, ಎಡಗಡೆಗೆ ಕೊಡುವ ಹಾಗೆ ತೋರಿಸಿ 11ಕ್ಕೆ ಕೊಡಿ ಅಂತ ತೋರಿಸಿದಳು. ಅಲ್ಲಿಂದ ಮುಂದೆ ಪ್ರೆಸ್ ಒಡೆದೆವು. ಹತ್ತು ಪಾಯಿಂಟ್ ಹಿಂದಿದ್ದವರು ಎರಡಕ್ಕೆ ಬಂದೆವು. ಎಂಟು ಜನರಲ್ಲಿ ಏಳು ಜನ ಪಾಯಿಂಟ್ ಹಾಕಿದ್ದಾರೆ. ಈ ವರ್ಷ ಬಾಲ್ ಹಿಡಿದ ಮೂವರಲ್ಲಿ ಇಬ್ಬರು.

ವಿರಾಜಪೇಟೆ ಫಾರ್ವರ್ಡ್
ನಾಲ್ಕೇ ಪಾಯಿಂಟ್! ಫ್ರೀ ಥ್ರೋ ಎಷ್ಟು ಬಿಟ್ಟಿರಿ ಅಕ್ಕ?

ಸಂಜೆಕೋರ್ಟ್
17ರಲ್ಲಿ 8 ಹಾಕಿದ್ದು. ಹಳೇ ಸೆಂಟರ್ ಸರ್ 50 ಅಂದಿದ್ದರು, ಕತ್ತಲಾಗುತ್ತದೆ ಅಂತ ನಾವು 20ಕ್ಕೆ ನಿಲ್ಲಿಸುತ್ತಿದ್ದೆವು.

ಮಡಿಕೇರಿ ಮಂಜು
7 ಇದ್ದಿದ್ದರೆ ಗೆಲ್ಲುತ್ತಿದ್ದಿರಿ.

ಸಂಜೆಕೋರ್ಟ್
ಹೌದು, ಗೆಲ್ಲುತ್ತಿದ್ದೆವು ಅಂತ ನನಗೂ ಅನಿಸುತ್ತದೆ. ಆದರೂ ಆಡಿಸದೇ ಇದ್ದದ್ದಕ್ಕೆ ಒಂದು ಚೂರೂ ಬೇಸರ ಇಲ್ಲ.

ಕುಶಾಲನಗರದ ಫಿಸಿಯೋ
ಕಾಲು ಹೇಗಿದೆ? ಕಣ್ಣು ಮುಚ್ಚಿ ಬಲಗಾಲಲ್ಲಿ ಎಷ್ಟು ಹೊತ್ತು ನಿಲ್ತಾಳೆ?

ಜೆರ್ಸಿ 7
ಕಣ್ಣು ಬಿಟ್ಟು 30 ಸೆಕೆಂಡ್. ಮುಚ್ಚಿದ್ರೆ 8.

ಕುಶಾಲನಗರದ ಫಿಸಿಯೋ
ಎರಡು ಕಾಲೂ ಸಮ ಆಗೋ ತನಕ ಹಾರೋದು ಬೇಡ. ಮುಂದಿನ ವಾರ ಸಂಜೆ ಆ ಕಡೆ ಬರ್ತೀನಿ, ಎಲ್ಲ ಹುಡುಗಿಯರಿಗೂ ಇಳಿಯೋ ಅಭ್ಯಾಸ ಹೇಳಿಕೊಡ್ತೀನಿ.

ಕಾಫಿಕಣ
ಕಣಕ್ಕೆ ಹಾಕಿದ ಒಂದು ಫ್ಲಡ್‌ಲೈಟ್ ಬಿಚ್ಚಿಟ್ಟಿದ್ದೇನೆ, ಕೋರ್ಟ್ ಪಕ್ಕದಲ್ಲಿ ಕರೆಂಟ್ ಪಾಯಿಂಟ್ ಇದೆಯಾ? ವಯರ್ ಎಷ್ಟು ಮೀಟರ್ ಬೇಕು ಹೇಳಿ, ಶನಿವಾರ ತಂದು ಕಟ್ಟುವ.